ಸಿಡುಕುವ ಮಗನನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಗದಗಿನ ತಾಯಿಯೊಬ್ಬರ ಪ್ರಶ್ನೆ:
ಪಿಯುಸಿ ಎರಡನೇ ವರ್ಷದ ನನ್ನ ಮಗ ಒಂದು ತಿಂಗಳಿಂದ ಸಣ್ಣ ಮಾತಿಗೂ ಸಿಡುಕುತ್ತಾನೆ, ರಾತ್ರಿಯೆಲ್ಲ ಎಚ್ಚರವಿದ್ದು ಹಗಲು ಮಲಗುತ್ತಾನೆ, ಕ್ರಿಕೆಟ್ ಆಡುವುದನ್ನೂ ಬಿಟ್ಟಿದ್ದಾನೆ. ಮನೆಯವರು ಸೋಮಾರಿತನ ಎನ್ನುತ್ತಾರೆ. ಇದು ಖಿನ್ನತೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಿರಿ.

ಹಾವೇರಿ ಜಿಲ್ಲೆಯ ತಂದೆಯೊಬ್ಬರು:
ಅಕ್ಕನವರೇ, ನಾವೂ ಸೋಮಾರಿತನವೆಂದೇ ಬೈದು ಮೂರು ತಿಂಗಳು ಕಳೆದೆವು. ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಓದುತ್ತಿದ್ದ ಮಗಳು ಊರಿಗೆ ಬಂದಾಗ ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದಳು, ಕೇಳಿದರೆ ರೇಗುತ್ತಿದ್ದಳು. ದೃಷ್ಟಿ ತೆಗೆಸಿದೆವು, ತಾಯಿತ ಕಟ್ಟಿಸಿದೆವು. ಕೊನೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಕರೆದೊಯ್ದಾಗ ವೈದ್ಯರು, ಈ ವಯಸ್ಸಿನಲ್ಲಿ ಖಿನ್ನತೆಯು ಅಳುವಾಗಿ ಅಲ್ಲದೆ ಸಿಡುಕಾಗಿಯೂ ಕಾಣಿಸಿಕೊಳ್ಳುತ್ತದೆ, ನಿದ್ದೆ ಮತ್ತು ಹಸಿವು ಕೆಟ್ಟು ಇಷ್ಟದ ಸಂಗತಿಗಳೂ ಬೇಡವಾಗಿ ಎರಡು ವಾರ ಮೀರಿದರೆ ಕಾಯಬಾರದು ಎಂದರು. ರಕ್ತಹೀನತೆ, ಥೈರಾಯ್ಡ್ ತೊಂದರೆಗಳಿಂದಲೂ ಇಂಥದೇ ದಣಿವು ಬರುವುದರಿಂದ ರಕ್ತಪರೀಕ್ಷೆಯನ್ನೂ ಮಾಡಿಸಿದರು. ಆಪ್ತಸಮಾಲೋಚನೆಯ ಜೊತೆಗೆ ಮಾತ್ರೆ ಆರಂಭವಾಯಿತು. ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು, ಮೊದಲ ವಾರಗಳಲ್ಲಿ ಚಡಪಡಿಕೆ ಹೆಚ್ಚಿದರೆ ಅಥವಾ ಸಾಯುವ ಮಾತು ಬಂದರೆ ಕೂಡಲೇ ಕರೆತರಬೇಕು, ನಾವಾಗಿಯೇ ನಿಲ್ಲಿಸಬಾರದು ಎಂದು ಬಿಡಿಸಿ ಹೇಳಿದ್ದರು. ಆದರೂ ಹತ್ತನೆಯ ದಿನಕ್ಕೇ ‘ಏನೂ ಆಗಲಿಲ್ಲ’ ಎಂದು ಮಾತ್ರೆ ಬಿಡಿಸಲು ಹೊರಟವನು ನಾನೇ. ಅವಳ ತಾಯಿ ಬಿಡಲಿಲ್ಲ. ಮೂರನೆಯ ತಿಂಗಳಲ್ಲಿ ಅವಳಾಗಿಯೇ ಇನ್ನೊಂದು ರೊಟ್ಟಿ ಕೇಳಿದಳು.

ಧಾರವಾಡದ ನಿವೃತ್ತ ಶಿಕ್ಷಕಿಯೊಬ್ಬರು:
ತಂಗಿ, ಎದುರು ಕೂರಿಸಿಕೊಂಡು ವಿಚಾರಣೆ ಮಾಡಬೇಡಿರಿ. ಹುಡುಗರು ಜೊತೆಗೆ ನಡೆಯುವಾಗ ಹೆಚ್ಚು ಬಾಯಿ ಬಿಡುತ್ತಾರೆ. ಆದರೆ ‘ಸಾಯಬೇಕು ಎನ್ನಿಸುತ್ತದೆಯೇ’ ಎಂಬುದನ್ನು ಮಾತ್ರ ಸುತ್ತಿ ಬಳಸದೆ ಕೇಳಿರಿ. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಅವನನ್ನು ಒಂಟಿಯಾಗಿ ಬಿಡದೆ ತಕ್ಷಣ ವೈದ್ಯರನ್ನು ಕಾಣಿರಿ. ಹೊಲವಿದ್ದವರ ಮನೆಯಲ್ಲಿ ಹತ್ತಿಗೆ, ಮೆಣಸಿನ ಗಿಡಕ್ಕೆ ಹೊಡೆಯುವ ಕೀಟನಾಶಕದ ಎಣ್ಣೆಯ ಡಬ್ಬಿಗಳು ಮೂಲೆಯಲ್ಲೇ ಇರುತ್ತವೆ. ಉತ್ತರ ಏನೇ ಬರಲಿ, ಅವನ್ನು ಇಂದೇ ಮನೆಯಿಂದ ಸಾಗಿಸಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.

ಗದಗಿನ ತಾಯಿ:
ರಾತ್ರಿ ಊಟವಾದ ಮೇಲೆ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ‘ಒಮ್ಮೊಮ್ಮೆ’ ಎಂದ. 14416ಕ್ಕೆ ಕರೆ ಮಾಡಿ ಇಬ್ಬರೂ ಮಾತನಾಡಿದ್ದೇವೆ, ಅವನ ತಂದೆಯೂ ಪಕ್ಕದಲ್ಲೇ ಕುಳಿತಿದ್ದರು. ಇಂದು ನನ್ನ ಹಾಸಿಗೆ ಅವನ ಕೋಣೆಯಲ್ಲಿ. ಬೆಳಗಿನ ಮೊದಲ ಬಸ್ಸಿಗೆ ಮೂವರೂ ಧಾರವಾಡಕ್ಕೆ ಹೊರಡುತ್ತೇವೆ.