ಹಳೇ ಬುಲೆಟ್‌ನ ಸೆಲ್ಫ್: ಬಳಸಿದವರು ಹೇಳಿ

ಕೇಳಿದ್ದು, ಹಾಸನದಿಂದ: ನನ್ನ ಹತ್ತಿರ 5 ಗೇರಿನ ಹಳೇ ಬುಲೆಟ್ ಎಲೆಕ್ಟ್ರಾ ಇದೆ, ಕಾಸ್ಟ್ ಐರನ್ ಎಂಜಿನ್. ಸೆಲ್ಫ್ ಒತ್ತಿದರೆ ಒಮ್ಮೊಮ್ಮೆ 'ಟಕ್' ಅಂದು ಸುಮ್ಮನಾಗುತ್ತದೆ. ಒಮ್ಮೊಮ್ಮೆ ಮೋಟಾರ್ ಮಾತ್ರ ಸುಯ್ ಅಂತ ತಿರುಗುತ್ತದೆ, ಎಂಜಿನ್ ಅಲ್ಲಾಡುವುದಿಲ್ಲ. ಮೋಟಾರ್ ಬದಲಾಯಿಸಲೇಬೇಕಾ?

ಮೈಸೂರಿನಿಂದ: ಈಗಲೇ ಮೋಟಾರಿಗೆ ದುಡ್ಡು ಸುರಿಯಬೇಡಿ. ನೀವು ಹೇಳಿದ್ದು ಎರಡು ಬೇರೆ ಬೇರೆ ಕಾಯಿಲೆ. 'ಟಕ್' ಅಂದರೆ ರಿಲೇ (ಬ್ಯಾಟರಿ ಕರೆಂಟನ್ನು ಮೋಟಾರಿಗೆ ಬಿಡುವ ಸ್ವಿಚ್) ಎಳೆಯುತ್ತಿದೆ, ಆದರೆ ಮೋಟಾರಿಗೆ ಬೇಕಾದಷ್ಟು ಕರೆಂಟ್ ಹೋಗುತ್ತಿಲ್ಲ. ಬ್ಯಾಟರಿ, ಟರ್ಮಿನಲ್, ಅರ್ಥ್ ವೈರ್, ಆಮೇಲೆ ರಿಲೇ, ಈ ಕ್ರಮದಲ್ಲಿ ನೋಡಿ. ಮೋಟಾರ್ ಸುಯ್ ಅಂತ ತಿರುಗುತ್ತಿದ್ದರೆ ಮೋಟಾರ್ ಚೆನ್ನಾಗಿದೆ ಅಂತಲೇ ಅರ್ಥ! ಜಾರುತ್ತಿರುವುದು ಎಂಜಿನ್‌ನ ಎಡಗಡೆ ಮುಚ್ಚಳ, ಅಂದರೆ ಪ್ರೈಮರಿ ಕವರ್ ಒಳಗಿರುವ ಸ್ಪ್ರಾಗ್ ಕ್ಲಚ್. ಮೋಟಾರ್ ತಿರುಗಿದ್ದನ್ನು ಎಂಜಿನ್‌ಗೆ ದಾಟಿಸುವುದು ಅದೇ.

ಎರಡು ಉಂಗುರಗಳ ನಡುವೆ ಚಿಕ್ಕ ಚಿಕ್ಕ ಉಕ್ಕಿನ ತುಂಡು, ಇಷ್ಟೇ ಸ್ಪ್ರಾಗ್. ಒಂದು ಕಡೆ ತಿರುಗಿದರೆ ಕಚ್ಚಿ ಹಿಡಿಯುತ್ತದೆ, ಇನ್ನೊಂದು ಕಡೆ ಬಿಟ್ಟುಬಿಡುತ್ತದೆ. ಬ್ಯಾಟರಿ ಇಳಿದಿದ್ದಾಗ ಎಂಜಿನ್ ನಿಧಾನಕ್ಕೆ ತಿರುಗುತ್ತದೆ. ಪಿಸ್ಟನ್ ಪೂರ್ತಿ ಮೇಲೆ ಹತ್ತುವ ಮೊದಲೇ ಸ್ಪಾರ್ಕ್ ಬಂದು ಅದನ್ನು ಹಿಂದಕ್ಕೆ ಒದೆಯುತ್ತದೆ. ಕಚ್ಚಿ ಹಿಡಿದಿರುವ ತುಂಡುಗಳ ಮೇಲೆ ಆ ಪೆಟ್ಟು ಬೀಳುತ್ತದೆ. 'ಕಟಕ್' ಅಂತ ಒಂದು ಕೆಟ್ಟ ಸದ್ದು ಬರುತ್ತದೆ, ಕೇಳಿರುತ್ತೀರಿ ಅಲ್ವಾ? ಸ್ಪಾರ್ಕ್ ಬರುವ ಟೈಮಿಂಗ್ ಜಾಸ್ತಿ ಮುಂದಿದ್ದರೂ ಹೀಗೇ ಆಗುತ್ತದೆ. ಹಾಗಾಗಿ ಹೊಸ ಸ್ಪ್ರಾಗ್ ಹಾಕಿ ಹಳೇ ಬ್ಯಾಟರಿಯನ್ನೇ ಇಟ್ಟುಕೊಂಡರೆ ಪ್ರಯೋಜನವಿಲ್ಲ.

ವೋಲ್ಟ್ ಅಳೆಯಲು ಒಂದು ಮಲ್ಟಿಮೀಟರ್ ತನ್ನಿ. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12.4ಕ್ಕಿಂತ ಕೆಳಗಿದ್ದರೆ ಅವತ್ತು ಸೆಲ್ಫ್ ಮುಟ್ಟಬೇಡಿ, ಮೊದಲು ಚಾರ್ಜ್ ಮಾಡಿ. ಬಟನ್ ಒತ್ತಿದಾಗ 10ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮೇಲೇ ಅನುಮಾನ. ನಿಂತಲ್ಲೇ ಎಂಜಿನ್ ಸ್ಟಾರ್ಟ್ ಆಗಿರುವಾಗ ಸ್ವಲ್ಪ ರೇಸ್ ಮಾಡಿ ನೋಡಿ, 14ರ ಆಸುಪಾಸು ಬರಬೇಕು. ಬ್ಯಾಟರಿ ಸರಿಯಿದ್ದೂ 'ಟಕ್' ನಿಲ್ಲದಿದ್ದರೆ ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಮೇಲೆ, ಕಪ್ಪು ಕಡ್ಡಿಯನ್ನು ಮೋಟಾರಿಗೆ ವೈರ್ ಬಿಗಿದಿರುವ ಬೋಲ್ಟ್ ಮೇಲೆ ಇಟ್ಟು ಸೆಲ್ಫ್ ಒತ್ತಿ. ಮೋಟಾರ್ ಎಳೆಯುವಾಗ ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ವೈರೋ ರಿಲೇಯೋ ಕರೆಂಟ್ ತಿನ್ನುತ್ತಿದೆ. ಮೈನಸ್‌ನಿಂದ ಎಂಜಿನ್ ಬಾಡಿಗೂ ಹೀಗೇ ನೋಡಿ. ಪೇಂಟ್ ಮೇಲೇ ಅರ್ಥ್ ವೈರ್ ಬಿಗಿದಿರುವ ಗಾಡಿಗಳು ಬೇಕಾದಷ್ಟಿವೆ.

ಮೂಡಿಗೆರೆಯಿಂದ: ನಮ್ಮ ಚಳಿಗೆ ಬೆಳಗ್ಗೆ ಮೊದಲು ಕಿಕ್ಕೇ. ಇಗ್ನಿಷನ್ ಆಫ್ ಇಟ್ಟು, ಡಿಕಂಪ್ರೆಸರ್ (ಸಿಲಿಂಡರಿನ ಒತ್ತಡ ಬಿಡುವ ಲಿವರ್) ಹಿಡಿದು ನಾಲ್ಕೈದು ಸಲ ಕಿಕ್ಕರ್ ತುಳಿದರೆ ಗಟ್ಟಿಯಾದ ಆಯಿಲ್ ಸಡಿಲವಾಗುತ್ತದೆ. ಆಮೇಲೆ ಕಿಕ್ಕಲ್ಲೇ ಸ್ಟಾರ್ಟ್ ಮಾಡುತ್ತೇನೆ. ಎಂಜಿನ್ ಬಿಸಿಯಾದ ಮೇಲೆ ದಿನವಿಡೀ ಸೆಲ್ಫ್. ಸ್ಪ್ರಾಗ್ ಉಳಿದಿರುವುದು ಇದರಿಂದಲೇ ಅಂತ ನನ್ನ ನಂಬಿಕೆ.

ಹುಬ್ಬಳ್ಳಿಯಿಂದ: ಹಾಗಂತ ಸೆಲ್ಫನ್ನು ಪೂರ್ತಿ ಬಿಟ್ಟುಬಿಡಬೇಡಿ. ಸುಮ್ನೆ ಬಿದ್ದಿರುವ ಮೋಟಾರಿನಲ್ಲಿ ಕರೆಂಟ್ ದಾಟಿಸುವ ಕಾರ್ಬನ್ ಬ್ರಶ್ ಹೋಲ್ಡರಿನಲ್ಲೇ ಅಂಟಿಕೊಳ್ಳುತ್ತದೆ. ನಾನೇ ಬಿಚ್ಚಿ ಕ್ಲೀನ್ ಮಾಡುತ್ತೇನೆ. ಮೊದಲು ಬ್ಯಾಟರಿ ಮೈನಸ್ ಬಿಚ್ಚಿ. ಮೋಟಾರಿನ ಬಾಡಿಗೂ ಮುಚ್ಚಳಕ್ಕೂ ಸೇರಿಸಿ ಒಂದು ಗೆರೆ ಎಳೆದಿಡಿ, ಜೋಡಿಸುವಾಗ ತಲೆಬಿಸಿ ಇರಲ್ಲ. ಒಳಗಿನ ಕಪ್ಪು ಪುಡಿಯನ್ನು ಒಣ ಬ್ರಶ್‌ನಿಂದ ಕೊಡವಿ. ಕಾರ್ಬನ್ ಬ್ರಶ್ ತಾಗುವ ತಾಮ್ರದ ಕಮ್ಯುಟೇಟರನ್ನು ನಯವಾದ ಸ್ಯಾಂಡ್ ಪೇಪರಿನಿಂದ ಉಜ್ಜಿ, ಎಮರಿ ಬೇಡ, ಅದರ ಪುಡಿ ತಾಮ್ರದ ಸಂದಿನಲ್ಲಿ ಸೇರಿಕೊಂಡರೆ ತೊಂದರೆ. ಕಾರ್ಬನ್ ಬ್ರಶ್ ಬೆರಳಿಗೆ ಸಿಕ್ಕಿ ಹೋಲ್ಡರಿನಲ್ಲಿ ಸಲೀಸಾಗಿ ಜಾರಬೇಕು. ಒಳಗೆ ಆಯಿಲ್ ಜಿಡ್ಡು ಕಂಡರೆ ಆಯಿಲ್ ತಡೆಯುವ ರಬ್ಬರ್ ಉಂಗುರ, ಅಂದರೆ ಓ-ರಿಂಗ್, ಹೋಗಿದೆ ಅಂತ ಲೆಕ್ಕ.

ಶಿವಮೊಗ್ಗದಿಂದ: ನಂದು ಯೆಜ್ಡಿ, ಮೈಸೂರಲ್ಲೇ ಹುಟ್ಟಿದ ಗಾಡಿ. ಸೆಲ್ಫೇ ಇಲ್ಲ, ಒಂದೇ ಲಿವರ್: ಕಿಕ್ಕರೂ ಅದೇ, ಗೇರ್ ಲಿವರೂ ಅದೇ. ನಿಮ್ಮ ಕಷ್ಟ ನನಗಿಲ್ಲ, ಕ್ಷಮಿಸಿ!

ಮೈಸೂರಿನಿಂದ: ಯೆಜ್ಡಿಯವರು ಸಿಕ್ಕಿದಲ್ಲೆಲ್ಲ ಇದನ್ನು ಹೇಳದೆ ಬಿಡಲ್ಲ. ಹಾಸನದವರೇ, ಇನ್ನೊಂದು ಮಾತು. ಬಟನ್ ಅನ್ನು ಒಂದೇ ಸಮ 5 ಸೆಕೆಂಡಿಗಿಂತ ಜಾಸ್ತಿ ಒತ್ತಿ ಹಿಡಿಯಬೇಡಿ, ಅರ್ಧ ನಿಮಿಷ ಬಿಟ್ಟು ಮತ್ತೆ ಒತ್ತಿ. ಹೆಡ್‌ಲೈಟ್ ಆಫ್ ಇರಲಿ. ಪ್ರೈಮರಿ ಕವರ್ ಬಿಚ್ಚಿಸುವುದಾದರೆ ಗ್ಯಾಸ್ಕೆಟ್ ಮೊದಲೇ ತಂದಿಟ್ಟುಕೊಳ್ಳಿ. ಹಳೇ ಸ್ಪ್ರಾಗ್ ಕೈಗೆ ಕೊಡಿ ಅಂತ ಕೇಳಿ, ತುಂಡುಗಳ ಅಂಚು ಹೊಳೆಯುವಷ್ಟು ಸವೆದಿದೆಯಾ ನೋಡಿ. ಏನಾಯಿತು ಅಂತ ಇಲ್ಲೇ ತಿಳಿಸಿ.