ಬೆಳೆಯುವ ಕಟ್ಟಡಕ್ಕೆ ‘ಸಾವಯವ’ ಸರಿಹೋಗುತ್ತಾ?

ಒಂದೇ ಅಳತೆಯ ಬಿಡಿ ಕೋಣೆಗಳನ್ನು ಸೇರಿಸುತ್ತಾ, ಗಿಡದ ಹಾಗೆ ದೊಡ್ಡದಾಗುವ ಕಟ್ಟಡಗಳ ಬಗ್ಗೆ ಬರೆಯುತ್ತಿದ್ದೇನೆ. ‘ಆರ್ಗ್ಯಾನಿಕ್’, ‘ಮಾಡ್ಯೂಲ್’ ಇವೆರಡಕ್ಕೆ ನೀವು ಏನು ಬಳಸುತ್ತೀರಿ?

ನಿಘಂಟಿನಲ್ಲಿ ‘ಸಾವಯವ’ ಇದೆ. ಆದರೆ ‘ಸಾವಯವ ಕಟ್ಟಡ’ ಅಂದ ತಕ್ಷಣ ರಾಸಾಯನಿಕ ಗೊಬ್ಬರ ಹಾಕದ ಮನೆ ಅನ್ನಿಸುತ್ತೆ, ಅಲ್ವಾ? ಪದದ ಹುಟ್ಟು ಮಾತ್ರ ಇಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ: ಅವಯವಗಳಿಂದ ಕೂಡಿದ್ದು. ಏನು ಮಾಡೋದು, ಕೃಷಿಯವರು ಅದನ್ನು ಪೂರ್ತಿ ತಮ್ಮದಾಗಿಸಿಕೊಂಡಿದ್ದಾರೆ. ‘ಮಾಡ್ಯೂಲ್’ಗೆ, ಅಂದರೆ ಆ ಬಿಡಿ ಕೋಣೆಗೆ, ಸಿಗುವ ‘ಘಟಕ’ದ ಪಾಡೂ ಹೀಗೇ. ಪಕ್ಷದ ಜಿಲ್ಲಾ ಘಟಕ, ತೀವ್ರ ನಿಗಾ ಘಟಕ, ಎಲ್ಲದಕ್ಕೂ ಅದೇ.

ಇನ್ನೊಂದು ತೊಡಕಿದೆ. ‘ಆರ್ಗ್ಯಾನಿಕ್’ ಅನ್ನುವಾಗ ಬೇರೆ ಬೇರೆ ಸಂಗತಿಗಳು ಒಂದಾಗಿಬಿಡುತ್ತವೆ. ಕೆನಡಾದ ಮಾಂಟ್ರಿಯಲ್‌ನ ಹ್ಯಾಬಿಟಾಟ್ 67 ವಸತಿ ಕಟ್ಟಡ ನೋಡಿ. 354 ಕಾಂಕ್ರೀಟ್ ಪೆಟ್ಟಿಗೆಗಳು, ಒಂದರ ತಾರಸಿ ಇನ್ನೊಂದರ ಅಂಗಳ. ನೋಡಲು ಬೆಳೆದಂತಿದೆ, ಆದರೆ ಕಟ್ಟಿದಷ್ಟೇ ಇದೆ. ಟೋಕಿಯೊದ ನಕಾಗಿನ್ ಕ್ಯಾಪ್ಸೂಲ್ ಟವರ್ (1972) ಬೇರೆ ಬಗೆ. ವಾಸ್ತುಶಿಲ್ಪಿ ಕಿಶೊ ಕುರೊಕಾವಾ ಎರಡು ಗೋಪುರಗಳಿಗೆ 140 ಕೋಣೆಗಳನ್ನು ಬೋಲ್ಟ್ ಹಾಕಿ ಬಿಗಿದರು. ಸುಮಾರು 25 ವರ್ಷಕ್ಕೊಮ್ಮೆ ಹಳೆಯದನ್ನು ತೆಗೆದು ಹೊಸದು ಸಿಕ್ಕಿಸುವ ಲೆಕ್ಕ. ಒಂದೂ ಬದಲಾಗಲಿಲ್ಲ. ಕೆಳಗಿನದನ್ನು ಬಿಚ್ಚಬೇಕಾದರೆ ಮೇಲಿನವನ್ನೂ ಬಿಚ್ಚಬೇಕಿತ್ತು. 2022ರಲ್ಲಿ ಇಡೀ ಕಟ್ಟಡವನ್ನೇ ಕಳಚಿ ತೆಗೆದರು. ಕುರೊಕಾವಾ ಸೇರಿದ್ದ ವಾಸ್ತುಶಿಲ್ಪ ಪಂಥದ ಹೆಸರು ಮೆಟಬಾಲಿಸಂ. ಅಲ್ಲಿಗೆ ಪಠ್ಯಪುಸ್ತಕದ ‘ಚಯಾಪಚಯ’ ಭಾರವಾದರೂ ಒಪ್ಪುತ್ತೆ. ಕೂಡುವುದೂ ಕಳೆಯುವುದೂ ಅದರೊಳಗೇ ಇವೆ.

ನಿಜಕ್ಕೂ ಬೆಳೆದದ್ದು ಚಿಲಿಯ ಇಕಿಕೆ ಊರಿನ ಕಿಂತಾ ಮೊನ್ರೊಯ್ ವಸತಿ ಬಡಾವಣೆ. ವಾಸ್ತುಶಿಲ್ಪಿ ಅಲೆಹಾಂದ್ರೊ ಅರವೇನಾ ಅವರ ತಂಡ ಅರ್ಧ ಮನೆ ಕಟ್ಟಿ, ಪಕ್ಕದಲ್ಲಿ ಜಾಗ ಬಿಟ್ಟಿತು. ಉಳಿದರ್ಧವನ್ನು ಮನೆಯವರೇ ತಮಗೆ ಬೇಕಾದ ಹಾಗೆ ತುಂಬಿಕೊಂಡರು.

ಹ್ಯಾಬಿಟಾಟ್‌ಗೆ ‘ಬೆಳೆದಂತಿರುವ’, ಇಕಿಕೆಯದಕ್ಕೆ ‘ಟಿಸಿಲೊಡೆಯುವ’ ಅಂತ ಸದ್ಯಕ್ಕೆ ಬರೆದಿದ್ದೇನೆ. ಒಂದೇ ವಿಶೇಷಣದಲ್ಲಿ ಎರಡನ್ನೂ ಮುಗಿಸಲು ಮನಸ್ಸು ಒಪ್ಪುತ್ತಿಲ್ಲ.

ಮಾಡ್ಯೂಲ್‌ಗೆ ‘ಗೆಣ್ಣು’ ಹೊಳೆಯಿತು. ಕಬ್ಬಿನಲ್ಲಿ ಗೆಣ್ಣಿಗೊಂದು ಎಲೆ, ಎಲೆಯ ಬುಡದಲ್ಲೊಂದು ಕಣ್ಣು. ಒಂದೇ ಕಣ್ಣಿನ ತುಂಡು ನೆಟ್ಟರೂ ಪೂರ್ತಿ ಕಬ್ಬು ಬರುತ್ತೆ. ಆದರೆ ಗೆಣ್ಣು ಅಂದರೆ ಕೀಲು, ಎರಡು ಗೆಣ್ಣುಗಳ ನಡುವಿನ ತುಂಡಲ್ಲ. ಆ ತುಂಡಿಗೆ ನಿಮ್ಮ ಆಡುಮಾತಿನಲ್ಲಿ ಪದ ಇದೆಯಾ? ಇಲ್ಲದಿದ್ದರೆ ಸುಮ್ನೆ ‘ಮಾಡ್ಯೂಲ್’ ಅಂತಲೇ ಇಟ್ಟುಕೊಳ್ಳುತ್ತೇನೆ. ‘ಟಿಸಿಲೊಡೆಯುವ’ ಅನ್ನೋದು ಕಟ್ಟಡಕ್ಕೆ ಜಾಸ್ತಿ ಕಾವ್ಯ ಆಯ್ತು ಅನ್ನಿಸಿದರೆ ಅದನ್ನೂ ಹೇಳಿ.