‘ಲ ಸಿದ್’ ನಾಟಕ ಮಗಳಿಗೆ ಹೇಗೆ ಹೇಳಿಕೊಡಲಿ?

ಗ್ರೆನೋಬಲ್ ಅಮ್ಮ: ಎಲ್ಲರಿಗೂ ನಮಸ್ಕಾರ. ನಾವು ಫ್ರಾನ್ಸ್‌ಗೆ ಬಂದು ಎರಡು ವರ್ಷ. ಮಗಳು ಕಾತ್ರಿಯೆಮ್‌ನಲ್ಲಿದ್ದಾಳೆ, ನಮ್ಮ ಎಂಟನೇ ಕ್ಲಾಸ್ ಇದ್ದ ಹಾಗೆ. ಕ್ಲಾಸಿನಲ್ಲಿ ಫ್ರೆಂಚ್ ನಾಟಕಕಾರ ಕೊರ್ನೇಯ್‌ನ ‘ಲ ಸಿದ್’ ನಡೀತಿದೆ. ಮುದುಕ ಡಾನ್ ದಿಯೆಗ್‌ನ ಮಾತನ್ನು ಗುರುವಾರದೊಳಗೆ ಬಾಯಿಪಾಠ ಮಾಡಬೇಕಂತೆ. 1637ರ ಫ್ರೆಂಚ್, ನನಗೇ ತಲೆಬುಡ ತಿಳಿಯುವುದಿಲ್ಲ. ನಿನ್ನೆ ಪುಸ್ತಕ ಎಸೆದು ಅತ್ತಳು. ‘ಒಂದು ಕಪಾಳಕ್ಕೆ ಕೊಲೆನಾ ಅಮ್ಮಾ?’ ಅಂತಾಳೆ. ಏನು ಹೇಳಲಿ?

ಟೂಲೂಸ್ ಟೀಚರ್: ಮೊದಲು ಕಥೆಯನ್ನು ಕನ್ನಡದಲ್ಲೇ ಹೇಳಿಬಿಡಿ. ರೊದ್ರಿಗ್‌ಗೂ ಶಿಮೆನ್‌ಗೂ ಪ್ರೀತಿ, ಮದುವೆ ಮಾತೂ ನಡೆದಿದೆ. ರಾಜಕುಮಾರನಿಗೆ ಗುರು ಯಾರಾಗಬೇಕು ಅಂತ ಇಬ್ಬರ ಅಪ್ಪಂದಿರಿಗೂ ಜಗಳ. ಶಿಮೆನ್‌ಳ ಅಪ್ಪ ರೊದ್ರಿಗ್‌ನ ಅಪ್ಪ ಡಾನ್ ದಿಯೆಗ್‌ನ ಕೆನ್ನೆಗೆ ಬಾರಿಸುತ್ತಾನೆ. ಮುದುಕನಿಗೆ ಕತ್ತಿ ಎತ್ತುವ ಶಕ್ತಿ ಇಲ್ಲ, ಮಗನಿಗೆ ಹೇಳುತ್ತಾನೆ. ಮಗ ಹೋಗಿ ಪ್ರೇಯಸಿಯ ಅಪ್ಪನನ್ನೇ ಕೊಲ್ಲುತ್ತಾನೆ. ಈಗ ಅವಳು ರಾಜನ ಹತ್ತಿರ ಇವನ ತಲೆ ಕೇಳಬೇಕು. ಪ್ರೀತಿ ಮಾತ್ರ ಹಾಗೇ ಇದೆ. ಗಂಟು ಇಷ್ಟೇ.

ಬಾಯಿಪಾಠಕ್ಕೆ ಬೆರಳೆಣಿಸಿ. ಸಾಲಿಗೆ ಉಚ್ಚಾರದ 12 ತುಂಡು, ಆರಕ್ಕೊಂದು ನಿಲುಗಡೆ. ಓ-ರಾ-ಝೋ-ದೆ-ಝೆಸ್-ಪ್ವಾರ್, ಓ-ವ್ಯೆ-ಯೆ-ಸೆ-ನ-ಮಿ. ‘ಅಯ್ಯೋ ಸಿಟ್ಟೇ, ಅಯ್ಯೋ ಹತಾಶೆಯೇ, ಶತ್ರುವಾದ ಮುಪ್ಪೇ’ ಅಂತ ಅರ್ಥ. ಚಪ್ಪಾಳೆ ಹೊಡೆದು ಹೇಳಿಸಿ.

ಲಿಯೋನ್ ಅಂಕಲ್: ನನ್ನ ಮಗ ಇದನ್ನೆಲ್ಲ ಗಡಗಡ ಒಪ್ಪಿಸಿದ್ದ. ಊರಿಂದ ಅವನ ಅಜ್ಜಿ ಬರೆದ ಕಾಗದ ಮಾತ್ರ ಇವತ್ತಿಗೂ ಓದಲು ಬರುವುದಿಲ್ಲ. ಮನೆಯಲ್ಲಿ ಕನ್ನಡ ಬಿಡಬೇಡಿ, ಅಷ್ಟೇ ಹೇಳೋದು.

ನಾಂತ್ ಸದಸ್ಯ: ಇದನ್ನು ಮಕ್ಕಳಿಗೆ ಯಾಕೆ ಓದಿಸಬೇಕು? ಅಪ್ಪನ ಮಾನಕ್ಕೆ ಮಗ ಕೊಲೆ ಮಾಡುವುದು. ನಮ್ಮ ಕಡೆ ಇಂಥದ್ದನ್ನು ಮರ್ಯಾದೆ ಹತ್ಯೆ ಅಂತ ಪೇಪರ್‌ನಲ್ಲಿ ಓದಿ ತಲೆ ತಗ್ಗಿಸುತ್ತೇವೆ. ಇಲ್ಲಿ ಮಾಡಿದರೆ ಕ್ಲಾಸಿಕ್! ಅದೇ ಕೊಲೆಗಾರನಿಗೆ ಮೂರ್ ಎಂಬ ಮುಸ್ಲಿಂ ಸೈನ್ಯವನ್ನು ಸೋಲಿಸಿದ ಅಂತ ‘ಸಿದ್’ ಬಿರುದು ಬೇರೆ, ಅದೂ ಅರಬ್ಬಿಯ ‘ಸೈಯದ್’ನಿಂದ ಬಂದದ್ದು. ನಾನಾದರೆ ಟೀಚರ್‌ಗೆ ಪತ್ರ ಬರೆಯುತ್ತಿದ್ದೆ.

ಪ್ಯಾರಿಸ್ ಹಳಬ: ಸ್ವಾಮಿ, ಆಗಲೂ ಗಲಾಟೆ ಆಗಿತ್ತು. ದ್ವಂದ್ವ ಯುದ್ಧದ ಮೇಲೆ 1626ರಲ್ಲಿ ಕಟ್ಟಾಜ್ಞೆ ಬಂದಿತ್ತು, ಮರುವರ್ಷ ಒಬ್ಬ ದೊಡ್ಡ ಮನೆತನದವನ ತಲೆಯನ್ನೇ ಕಡಿದರು. ಹತ್ತು ವರ್ಷಕ್ಕೆ ಈ ನಾಟಕ! ಜನ ಮುಗಿಬಿದ್ದರು. ಹೊಸದಾಗಿ ಹುಟ್ಟಿದ್ದ ಫ್ರೆಂಚ್ ಭಾಷೆಯ ಅಕಾಡೆಮಿ ತಪ್ಪು ಎತ್ತಿತು. ಅಪ್ಪನನ್ನು ಕೊಂದವನನ್ನು ಮದುವೆಯಾಗೋದಾ ಅಂತ. ನಾಟಕದ ರಾಜನೂ ಕೂಡಲೇ ಮದುವೆ ಮಾಡಿಸುವುದಿಲ್ಲ, ಒಂದು ವರ್ಷ ಟೈಮ್ ಕೊಡುತ್ತಾನೆ.

ನಾಂತ್ ಸದಸ್ಯ: ಅದೇ ನಾನು ಹೇಳಿದ್ದು, ತಪ್ಪು ಅಂತ.

ಪ್ಯಾರಿಸ್ ಹಳಬ: ನೀವು ಹೇಳಿದ್ದು ಓದಿಸಬಾರದು ಅಂತ.

ಲಿಯೋನ್ ಅಂಕಲ್: ನಮ್ಮ ಕರ್ಣನದೂ ಇದೇ ಸಂಕಟ ಅಲ್ವಾ? ಆ ಕಡೆ ತಮ್ಮಂದಿರು, ಈ ಕಡೆ ಋಣ. ಚಿಕ್ಕವನಿದ್ದಾಗ ಯಕ್ಷಗಾನದಲ್ಲಿ ಕರ್ಣಪರ್ವ ನೋಡಿ ಅತ್ತಿದ್ದೆ. ಮಗನಿಗೆ ತೋರಿಸಲಾಗಲಿಲ್ಲ.

ನಾಂತ್ ಸದಸ್ಯ: ಕರ್ಣ ಮಾವನಾಗುವವನನ್ನು ಕೊಲ್ಲಲಿಲ್ಲ. ಹೋಲಿಸಬೇಡಿ.

ಟೂಲೂಸ್ ಟೀಚರ್: ಮಗು ಕೇಳಿದ ಪ್ರಶ್ನೆ ಸರಿಯಾಗೇ ಇದೆ. ಅದನ್ನೇ ಕ್ಲಾಸಿನಲ್ಲಿ ಕೇಳಲಿ. ಶಿಮೆನ್ ‘ಹೋಗು, ನಿನ್ನ ಮೇಲೆ ನನಗೆ ದ್ವೇಷವಿಲ್ಲ’ ಅಂತಾಳಲ್ಲ, ಅಲ್ಲಿ ನಿಲ್ಲಿಸಿ. ಪ್ರೀತಿಸುತ್ತೇನೆ ಅಂತ ಯಾಕೆ ಹೇಳುವುದಿಲ್ಲ ಅಂತ ಮಗಳನ್ನೇ ಕೇಳಿ.

ಸ್ಟ್ರಾಸ್‌ಬರ್ಗ್: ವಿಷಯ ಬೇರೆ, ಯುಗಾದಿಗೆ ಹೋಳಿಗೆ ಯಾರು ತರುತ್ತಿದ್ದೀರಿ?

ಗ್ರೆನೋಬಲ್ ಅಮ್ಮ: ಚಪ್ಪಾಳೆ ಹೊಡೆದು ನಾಲ್ಕು ಸಾಲು ಬಂತು. ‘ವ್ಯೆ-ಯೆ’ ಹತ್ತಿರ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಹೋಳಿಗೆ ನಾನು ತರುತ್ತೇನೆ.

ನಾಂತ್ ಸದಸ್ಯ: ಪತ್ರದ ವಿಷಯ ಯಾರೂ ಮಾತಾಡುತ್ತಿಲ್ಲ.